ಯಂತ್ರ ಕೆಟ್ಟಾಗ ಯಾರ ಹೆಸರು ಹೇಳೋಣ?



ತೋಟದ ಆಸ್ಪತ್ರೆಯಲ್ಲಿ ಯಾವುದಾದರೊಂದು ಸಾಮಾನು ಕೆಟ್ಟರೆ ಸುದ್ದಿ ಮೊದಲು ಮುಟ್ಟುವುದು ಆಫೀಸಿಗಲ್ಲ, ನೀರಿನ ನಲ್ಲಿಗೆ. ಅಲ್ಲಿಂದ ಮಸ್ಟರಿಗೆ, ಮಸ್ಟರಿನಿಂದ ಎಲೆ ತೂಗುವ ಶೆಡ್ಡಿಗೆ. “ಕೆಟ್ಟಿದೆ” ಎಂದು ಹೊರಟ ಮಾತು ತೂಕದ ಶೆಡ್ಡು ತಲಪುವ ಹೊತ್ತಿಗೆ “ಕೆಡಿಸಿದ್ದಾರೆ” ಎಂದಾಗಿರುತ್ತದೆ. ಸಂಜೆ ಲೈನು ಸೇರುವಾಗ ಅದಕ್ಕೊಂದು ಹೆಸರೂ ಅಂಟಿಕೊಂಡಿರುತ್ತದೆ.

ಹೆಸರು ಬಂದ ಮೇಲೆ ನಮ್ಮ ಬಳಿಗೆ ಎರಡು ಬಗೆಯ ಜನ ಬರುತ್ತಾರೆ. “ಅವನು ನಮ್ಮ ಯೂನಿಯನ್ನಿಗೆ ಚಂದಾ ಕಟ್ಟಿದವನು, ನಮ್ಮ ಭಾಷೆಯವನು, ಹೇಗಾದರೂ ಬಿಡಿಸಿ” ಎನ್ನುವವರು ಒಂದು ಬಗೆ. “ಆಸ್ಪತ್ರೆಯ ಸಾಮಾನಿಗೆ ಕೈ ಹಾಕಿದವನು ತೋಟದಲ್ಲಿ ಇರಬಾರದು, ನೀವು ನಡುವೆ ಬರಬೇಡಿ” ಎನ್ನುವವರು ಇನ್ನೊಂದು ಬಗೆ. ಇಬ್ಬರ ಮಾತಿನಲ್ಲೂ ಸ್ವಲ್ಪ ನ್ಯಾಯವಿದೆ. ಆದರೆ ಇಬ್ಬರೂ ಒಂದು ಮೆಟ್ಟಿಲನ್ನು ಹಾರಿ ಬಂದಿರುತ್ತಾರೆ. ಏನಾಯಿತು ಎಂಬುದನ್ನು ಯಾರೂ ಕೇಳಿರುವುದಿಲ್ಲ. ನಮ್ಮ ಅಭಿಪ್ರಾಯ ಇಷ್ಟೇ: ಮೊದಲು ರೋಗಿಯನ್ನು ಕಾಯಬೇಕು, ಆಮೇಲೆ ಕೆಟ್ಟ ಸಾಮಾನನ್ನು ಅದು ಕೆಟ್ಟ ಸ್ಥಿತಿಯಲ್ಲೇ ಕಾಯಬೇಕು, ಆಮೇಲೆ ವಿಚಾರಣೆಯನ್ನು ಕಾಯಬೇಕು. ಮನುಷ್ಯನ ಹೆಸರು ಇವೆಲ್ಲದರ ನಂತರ ಬರಲಿ. ಬರಲೇಬೇಕಾದರೆ ಬರಲಿ.

ಕಾರ್ಖಾನೆಯಲ್ಲಿ ರೋಲರು ನಿಂತರೆ ಒಂದು ದಿನದ ಎಲೆ ಹಾಳಾದೀತು. ಆಸ್ಪತ್ರೆಯ ಮಾತು ಬೇರೆ. ಗೂಡಲೂರಿನಿಂದ ಊಟಿಗೆ 50 ಕಿಲೋಮೀಟರು ಘಾಟಿ ರಸ್ತೆ. ತೋಟದ ಒಳಗಿನ ಲೈನಿನಿಂದ ಗೂಡಲೂರಿಗೆ ಬರುವುದೇ ಮಳೆಗಾಲದಲ್ಲಿ ಒಂದು ಸಾಹಸ. ಉಬ್ಬಸ ಎದ್ದ ಮುದುಕನಿಗೂ ಹಾವು ಕಚ್ಚಿದ ಹುಡುಗಿಗೂ ಮೊದಲ ಬಾಗಿಲು ಎಂದರೆ ತೋಟದ ಡಿಸ್ಪೆನ್ಸರಿಯೇ. 1951ರ ತೋಟ ಕಾರ್ಮಿಕರ ಕಾಯಿದೆಯ 10ನೆಯ ಕಲಮಿನಿಂದ ನಮ್ಮ ಹಿರಿಯರಿಗೆ ಆ ಬಾಗಿಲು ಹಕ್ಕಾಗಿ ಸಿಕ್ಕಿತು. ಆ ಕಾಯಿದೆ ಈಗ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೊಳಗೆ ಸೇರಿಹೋಗಿದೆ, 2025ರ ನವೆಂಬರ್ 21ರಿಂದ ಸಂಹಿತೆ ಜಾರಿಗೆ ಬಂದಿದೆ. ಕಾರ್ಮಿಕರ ಆರೋಗ್ಯದ ಸೌಕರ್ಯವನ್ನು ನೋಡಿಕೊಳ್ಳುವ ಹೊಣೆ ಅದರಲ್ಲೂ ಉಳಿದಿದೆ. ಆದ್ದರಿಂದ ಅಲ್ಲಿನ ಒಂದು ಯಂತ್ರವನ್ನು ಬೇಕೆಂದೇ ಕೆಡಿಸುವವನು ದೊರೆಯ ಸ್ವತ್ತನ್ನು ಕೆಡಿಸಿದಂತಲ್ಲ. ನಮ್ಮ ಮಕ್ಕಳ ಉಸಿರಿಗೆ ಕೈ ಹಾಕಿದಂತೆ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇವೆ, ಮುಂದೆ ಬರೆಯುವುದನ್ನು ಓದಿ ಯಾರೂ ನಮ್ಮನ್ನು ಮೆದು ಮನಸ್ಸಿನವರೆಂದು ತಿಳಿಯಬಾರದು.

ಆದರೆ ತೋಟದಲ್ಲಿ ಕೆಲಸ ಹೋದರೆ ಕೆಲಸ ಮಾತ್ರ ಹೋಗುವುದಿಲ್ಲ. ಲೈನು ಮನೆ ಹೋಗುತ್ತದೆ. ಹೆಂಡತಿಯ ಪರ್ಮನೆಂಟು ಕೆಲಸ ಇದ್ದರೆ ಮನೆ ಉಳಿದೀತು, ಆದರೆ ಆ ಲೈನಿನಲ್ಲಿ ತಲೆಯೆತ್ತಿ ನಡೆಯುವುದು ಹೋಗುತ್ತದೆ. ಪಟ್ಟಣದಲ್ಲಾದರೆ ಅಪವಾದ ಹೊತ್ತವನು ಬೀದಿ ಬದಲಾಯಿಸಬಹುದು. ನಮ್ಮಲ್ಲಿ ಅದೇ ನಲ್ಲಿ, ಅದೇ ಕ್ರಶ್ಶು, ಭಾನುವಾರ ಅದೇ ಬೆಂಚು. ಎರಡೂ ಕಡೆ ಇಷ್ಟು ಭಾರ ಇರುವುದರಿಂದಲೇ ತಕ್ಕಡಿಯನ್ನು ಬಾಯಿಮಾತಿನ ಕೈಗೆ ಕೊಡಬಾರದೆಂದು ನಾವು ಹೇಳುವುದು.

ಕಳೆದ ಮಳೆಗಾಲದಲ್ಲಿ ನಮ್ಮ ಭಾಗದ ಒಂದು ತೋಟದಲ್ಲಿ ನಡೆದದ್ದನ್ನು ಹೇಳುತ್ತೇವೆ. ತೋಟದ ಹೆಸರು ಬೇಡ, ಆ ಮನುಷ್ಯನ ಹೆಸರೂ ಬೇಡ. ಅಲ್ಲಿನ ಡಿಸ್ಪೆನ್ಸರಿಯಲ್ಲಿ ಒಬ್ಬ ಸಿಸ್ಟರು, ಒಬ್ಬ ಫಾರ್ಮಸಿಸ್ಟು (ನಮ್ಮ ಹಿರಿಯರು ಇಂದಿಗೂ ಕಾಂಪೌಂಡರು ಎಂದೇ ಕರೆಯುತ್ತಾರೆ), ಇಬ್ಬರು ಅಟೆಂಡರು, ಒಬ್ಬ ಆಯಾ. ಡಾಕ್ಟರು ವಾರಕ್ಕೆರಡು ಸಲ ಬಂದುಹೋಗುತ್ತಾರೆ. ಅಟೆಂಡರುಗಳಲ್ಲಿ ಒಬ್ಬನ ಅಜ್ಜ ಗುಂಡ್ಲುಪೇಟೆ ಕಡೆಯಿಂದ ಬಂದವರು. ಇವನು ಓದುವುದು ಕನ್ನಡ ಮಾತ್ರ. ಜೂನ್ ತಿಂಗಳಲ್ಲಿ ರಾತ್ರಿ ಡ್ಯೂಟಿಯ ಹೆಚ್ಚುವರಿ ಕೂಲಿಯ ವಿಷಯದಲ್ಲಿ ಫಾರ್ಮಸಿಸ್ಟಿನ ಜೊತೆ ಇವನಿಗೆ ದೊಡ್ಡ ಮಾತಾಯಿತು. “ಈ ಆಸ್ಪತ್ರೆ ಹೇಗೆ ನಡೆಯುತ್ತದೋ ನಾನೂ ನೋಡುತ್ತೇನೆ” ಎಂದು ಹತ್ತು ಜನರ ಎದುರಿಗೆ ಕೂಗಿ ಬಂದ. ಮೂರನೆಯ ದಿನ ಸೂಜಿ, ಕತ್ತರಿಗಳನ್ನು ಆವಿಯಲ್ಲಿ ಶುದ್ಧಮಾಡುವ ಆಟೋಕ್ಲೇವ್ ಸುಟ್ಟಿತು. ಮುಂದಿನ ವಾರ, 2021ರ ಕೊರೋನಾ ಎರಡನೆಯ ಅಲೆಯ ಕಾಲದಲ್ಲಿ ದಾನವಾಗಿ ಬಂದಿದ್ದ ಆಕ್ಸಿಜನ್ ಕಾನ್ಸೆಂಟ್ರೇಟರು ಒಬ್ಬ ಮುದುಕಿಗೆ ಹಾಕಿದ್ದಾಗಲೇ ನಿಂತಿತು. ಜೀಪಿನಲ್ಲಿ ಗೂಡಲೂರಿಗೆ ಸಾಗಿಸಿದರು, ದೇವರ ದಯೆಯಿಂದ ಅವರು ಉಳಿದರು. ಅದಾದ ನಾಲ್ಕನೆಯ ದಿನ ನೆಬ್ಯುಲೈಸರಿನ ಕೊಳವೆ ಎರಡು ತುಂಡಾಗಿ ಸಿಕ್ಕಿತು.

ಇನ್ನೇನು ಬೇಕು? ಜಗಳ ಇದೆ, ಬೆದರಿಕೆ ಇದೆ, ಮೂರು ಸಾಮಾನು ಇದೆ. ಆಫೀಸಿನವರು ಮೂರಕ್ಕೂ ಸೇರಿಸಿ ಒಂದೇ ಆರೋಪಪಟ್ಟಿ ಕೊಟ್ಟು ಅವನನ್ನು ಸಸ್ಪೆಂಡ್ ಮಾಡಿದರು. ಎಲೆ ಕೀಳುವ ಸಾಲಿನಲ್ಲಿ ಅವನ ಹೆಂಡತಿಯ ಎರಡು ಪಕ್ಕದ ಸಾಲೂ ಖಾಲಿಯಾಯಿತು. ಜ್ಞಾನೋಪದೇಶದ ತರಗತಿಯಲ್ಲಿ ಅವನ ಮಗಳನ್ನು ಇನ್ನೊಂದು ಮಗು “ಮಿಷನ್ ಮುರಿಯುವವನ ಮಗಳು” ಎಂದಿತು. ಆ ಮಗುವಿಗೆ ಆ ಮಾತು ಸ್ವಂತದ್ದಲ್ಲ, ಮನೆಯಲ್ಲಿ ಊಟದ ಹೊತ್ತಿಗೆ ಕೇಳಿದ್ದು.

ಯೂನಿಯನ್ ಮಾಡಿದ ಮೊದಲ ಕೆಲಸ, ಅವನು ಒಳ್ಳೆಯವನೆಂದು ಸರ್ಟಿಫಿಕೇಟು ಕೊಟ್ಟದ್ದಲ್ಲ. ಮೂರು ಸಾಮಾನನ್ನೂ ಯಾರೂ ರಿಪೇರಿಗೆ ಕಳಿಸಬಾರದು, ಎರಡು ಕಡೆಯವರ ಎದುರಿಗೆ ತಿಳಿದವರೊಬ್ಬರು ತೆರೆದು ನೋಡಬೇಕು ಎಂದು ಬರೆದುಕೊಟ್ಟದ್ದು. ಕೊಯಮತ್ತೂರಿನಿಂದ ಮೆಕ್ಯಾನಿಕ್ಕು ಬಂದರು. ಕಾನ್ಸೆಂಟ್ರೇಟರಿನ ಗಾಳಿ ಸೋಸುವ ಫಿಲ್ಟರು ಕಂಬಳಿಯಂತೆ ದಪ್ಪವಾಗಿ ಧೂಳು ಕಟ್ಟಿತ್ತು. ಹಿಂಬದಿಯ ತಗಡು ಬಿಚ್ಚಿದಾಗ ಡ್ರೆಸಿಂಗ್ ಹತ್ತಿಯಿಂದ ಮಾಡಿದ ಇಲಿಯ ಗೂಡು, ಕಡಿದ ವಯರು, ಹಿಕ್ಕೆ. ಆಟೋಕ್ಲೇವಿನ ಮುಚ್ಚಳದ ರಬ್ಬರು ಗ್ಯಾಸ್ಕೆಟ್ಟು ಕಲ್ಲಾಗಿ ಬಿರುಕು ಬಿಟ್ಟಿತ್ತು. ಆವಿ ಸೋರುತ್ತ ಸೋರುತ್ತ ನೀರು ಬತ್ತಿ ಕಾಯಿಲ್ಲು ಸುಟ್ಟಿದೆ ಎಂದರು. ಇಂಡೆಂಟ್ ಪುಸ್ತಕ ತರಿಸಿ ನೋಡಿದರೆ, ಹೊಸ ಗ್ಯಾಸ್ಕೆಟ್ಟು ಬೇಕೆಂದು ಎಂಟು ತಿಂಗಳ ಹಿಂದೆಯೇ ಬರೆದಿದೆ, ಅದೂ ಫಾರ್ಮಸಿಸ್ಟಿನ ಅಕ್ಷರದಲ್ಲೇ. ಮೇಲಿನಿಂದ ಮಂಜೂರಾಗಿರಲಿಲ್ಲ.

ಹೀಗೆ ಎರಡು ಸಾಮಾನಿನ ಕತೆ ಮುಗಿಯಿತು. ಮೂರನೆಯದರ ಕತೆ ಹಾಗೆ ಮುಗಿಯಲಿಲ್ಲ. ನೆಬ್ಯುಲೈಸರಿನ ಕೊಳವೆಯ ತುದಿ ನೇರವಾಗಿ, ನುಣ್ಣಗೆ, ಕತ್ತರಿಯಿಂದಲೋ ಬ್ಲೇಡಿನಿಂದಲೋ ಕತ್ತರಿಸಿದಂತೆಯೇ ಇತ್ತು. ಆ ಕೋಣೆಯ ಬೀಗದ ಕೈ ಮೂವರ ಬಳಿ ಇರುತ್ತಿತ್ತು. ಡ್ರೆಸಿಂಗ್ ಕತ್ತರಿ ಅದೇ ಮೇಜಿನ ಮೇಲೆ. ಯಾರು ಕತ್ತರಿಸಿದರು, ಬೇಕೆಂದೋ ಬ್ಯಾಂಡೇಜು ಕತ್ತರಿಸುವಾಗ ತಪ್ಪಿಯೋ, ಇಂದಿಗೂ ಗೊತ್ತಿಲ್ಲ. ವಿಚಾರಣೆಯಲ್ಲಿ ಮೊದಲೆರಡು ಆರೋಪ ಬಿದ್ದುಹೋದವು, ಮೂರನೆಯದು ರುಜುವಾತಾಗಲಿಲ್ಲ. ಅವನು ಕೆಲಸಕ್ಕೆ ಮರಳಿದ. ಆದರೆ ಆ ಕೊಳವೆಯನ್ನು ನಾವು ಮರೆಯಬಾರದು. “ನೋಡಿದಿರಾ, ಎಲ್ಲ ಇಲಿಯ ಕೆಲಸ” ಎಂದು ನಮ್ಮವರು ಕೆಲವರು ನಗುತ್ತ ಹೇಳಿದ್ದು ನಮಗೆ ಹಿಡಿಸಲಿಲ್ಲ. ಇಲಿ ಕತ್ತರಿ ಹಿಡಿಯುವುದಿಲ್ಲ.

ನಮ್ಮ ಗುಡ್ಡದ ಮಳೆಯಲ್ಲಿ ಸಾಮಾನು ಹೇಗೆ ಕೆಡುತ್ತದೆಂಬುದನ್ನು ಆಸ್ಪತ್ರೆಯಲ್ಲಿ ದುಡಿಯುವವರೆಲ್ಲ ತಿಳಿದಿರಬೇಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ದೇವಾಲ, ಪಂದಲೂರು ಕಡೆ ಗೋಡೆಯೇ ಬೆವರುತ್ತದೆ. ಸೂಕ್ಷ್ಮದರ್ಶಕದ ಗಾಜಿನ ಮೇಲೆ ಬೂಸ್ಟು ಬಲೆ ನೇಯುತ್ತದೆ. ಸಕ್ಕರೆ ನೋಡುವ ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ಸ್ಟ್ರಿಪ್ಪು ತೇವ ಕುಡಿದು ತಪ್ಪು ಲೆಕ್ಕ ತೋರಿಸುತ್ತದೆ, ಯಂತ್ರವನ್ನು ಯಾರೋ ಹಾಳುಮಾಡಿದರೆಂದು ನಾವು ತಿಳಿಯುತ್ತೇವೆ. ಔಷಧದ ಫ್ರಿಜ್ಜು 2ರಿಂದ 8 ಡಿಗ್ರಿಯೊಳಗೆ ಇರಬೇಕು; ಮಂಜುಗಡ್ಡೆಯ ಪೆಟ್ಟಿಗೆಗೆ ತಾಗಿಸಿಟ್ಟ ಇನ್ಸುಲಿನ್ ಹೆಪ್ಪುಗಟ್ಟಿ ನಿಷ್ಪ್ರಯೋಜಕವಾಗುತ್ತದೆ, ಅದಕ್ಕೆ ಶತ್ರು ಬೇಕಿಲ್ಲ. ಕರೆಂಟು ಹೋಗಿ ಬಂದಾಗಿನ ಏರುಪೇರು ಎಷ್ಟು ಯಂತ್ರಗಳ ಪ್ರಾಣ ತೆಗೆದಿದೆಯೋ. ಹಲ್ಲಿಯೊಂದು ಬೋರ್ಡಿನೊಳಗೆ ನುಗ್ಗಿ ಸತ್ತರೆ ಸಾಕು.

ಮುರಿದ ಜಾಗವನ್ನು ನೋಡಿದರೆ ಅದೇ ಅರ್ಧ ಸಾಕ್ಷಿ ಹೇಳುತ್ತದೆ. ಹಳತಾಗಿ ಹೋದ ರಬ್ಬರು ಮಡಿಕೆಯಲ್ಲಿ ಸಣ್ಣ ಸಣ್ಣ ಬಿರುಕಾಗಿ, ಅಂಚು ಹರಕು ಹರಕಾಗಿ, ಕೆಲವೊಮ್ಮೆ ಅಂಟಂಟಾಗಿ ಇರುತ್ತದೆ. ಇಲಿ ಕಡಿದದ್ದರಲ್ಲಿ ಜೋಡಿ ಹಲ್ಲಿನ ಗೀರು ಕಾಣುತ್ತದೆ. ಅಲಗು ತಾಗಿದ್ದು ನೇರವಾಗಿ ಇರುತ್ತದೆ. ಇದನ್ನು ನೋಡಲು ಇಂಜಿನಿಯರಾಗಬೇಕಿಲ್ಲ, ಕವಾತು ಕತ್ತಿ ಹಿಡಿದ ಕೈಗೆ ಕಡಿತಕ್ಕೂ ಮುರಿತಕ್ಕೂ ಇರುವ ವ್ಯತ್ಯಾಸ ಗೊತ್ತು. ಆದರೆ ನೋಡಬೇಕಾದರೆ ಆ ತುಂಡು ಉಳಿದಿರಬೇಕಲ್ಲ! ಕೆಟ್ಟದ್ದನ್ನು ಕಸಕ್ಕೆ ಎಸೆದು ಹೆಸರನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ.

ಬೇಕೆಂದೇ ಕೆಡಿಸುವವರು ಇಲ್ಲವೇ? ಇದ್ದಾರೆ. ಅಮೇರಿಕ ದೇಶದ ಡಲ್ಲಾಸ್ ಪಟ್ಟಣದ ಒಂದು ಶಸ್ತ್ರಚಿಕಿತ್ಸಾ ಕೇಂದ್ರದಲ್ಲಿ 2022ರಲ್ಲಿ ಸಣ್ಣ ಆಪರೇಷನ್ನಿಗೆ ಬಂದ ರೋಗಿಗಳ ಹೃದಯ ಕಾರಣವಿಲ್ಲದೆ ಕೆಟ್ಟುಹೋಗತೊಡಗಿತು. ಅಲ್ಲಿಯೇ ಕೆಲಸ ಮಾಡುತ್ತಿದ್ದ ಒಬ್ಬ ಡಾಕ್ಟರಮ್ಮ ತಮಗೆ ಸುಸ್ತಾಗಿದೆ ಎಂದು ಅಲ್ಲಿನ ಒಂದು ಡ್ರಿಪ್ಪಿನ ಚೀಲವನ್ನು ಮನೆಗೆ ಒಯ್ದು ಹಾಕಿಕೊಂಡು ತೀರಿಹೋದರು. ಕೊನೆಗೆ ಚೀಲಗಳನ್ನು ಪರೀಕ್ಷೆಗೆ ಕಳಿಸಿದರು. ಸಣ್ಣ ತೂತುಗಳು ಸಿಕ್ಕವು, ಒಳಗೆ ಬೇರೆ ಔಷಧ ಸಿಕ್ಕಿತು, ಕ್ಯಾಮೆರಾದಲ್ಲಿ ಚೀಲ ಇಡುವವರು ಕಂಡರು. ತಪ್ಪಿತಸ್ಥನೆಂದು 2024ರಲ್ಲಿ ತೀರ್ಮಾನವಾದದ್ದು ಅರಿವಳಿಕೆ ಕೊಡುವ ಒಬ್ಬ ಡಾಕ್ಟರು, ರೇನಾಲ್ಡೊ ಓರ್ಟಿಜ್; 190 ವರ್ಷದ ಶಿಕ್ಷೆಯಾಯಿತು. ಇದರಲ್ಲಿ ನಾವು ಗಮನಿಸಬೇಕಾದದ್ದು ಎರಡು. ಹಿಡಿದುಕೊಟ್ಟದ್ದು ಚೀಲ, ಪಿಸುಮಾತಲ್ಲ. ಮತ್ತು ಕೆಡಿಸಿದವನು ಕಸ ಗುಡಿಸುವವನಲ್ಲ. ನಮ್ಮ ತೋಟಗಳಲ್ಲಿ ಅನುಮಾನ ಯಾವಾಗಲೂ ಮೇಲಿನಿಂದ ಕೆಳಕ್ಕೆ ನೀರಿನಂತೆ ಹರಿದು ಅಟೆಂಡರು, ಆಯಾಗಳ ಬಾಗಿಲಲ್ಲೇ ಏಕೆ ನಿಲ್ಲುತ್ತದೆಂದು ಒಮ್ಮೆ ಯೋಚಿಸಿ.

“ಅವನ ಡ್ಯೂಟಿಯಲ್ಲೇ ಯಾಕೆ ಕೆಡಬೇಕು?” ಎಂಬುದು ನಾವು ಹೆಚ್ಚು ಕೇಳುವ ಪ್ರಶ್ನೆ. ಹಾಲೆಂಡಿನಲ್ಲಿ ಲೂಸಿಯಾ ಡೆ ಬರ್ಕ್ ಎಂಬ ನರ್ಸಿನ ಮೇಲೆ ಇದೇ ಪ್ರಶ್ನೆ ಬಿತ್ತು. ಅವರ ಪಾಳಿಯಲ್ಲೇ ರೋಗಿಗಳಿಗೆ ಹೆಚ್ಚು ಅನಾಹುತವಾಗಿದೆ, ಇದು ಆಕಸ್ಮಿಕವಾಗಿರಲು 34 ಕೋಟಿಗೆ ಒಂದು ಪಾಲು ಮಾತ್ರ ಸಾಧ್ಯ ಎಂದು ಲೆಕ್ಕ ತಿಳಿದವರೇ ಕೋರ್ಟಿಗೆ ಹೇಳಿದರು. 2003ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಬೇರೆ ಪಂಡಿತರು ಕೂತು ನೋಡಿದಾಗ ಆ ಲೆಕ್ಕವೇ ತಪ್ಪು. ಯಾವುದು ಅನಾಹುತ, ಯಾವುದು ರೋಗದ ಸಹಜ ಗತಿ ಎಂಬುದನ್ನೇ ಅನುಮಾನದ ಕಣ್ಣಿನಿಂದ ಆರಿಸಿದ್ದರು. 2010ರ ಏಪ್ರಿಲ್‌ನಲ್ಲಿ ಅವರು ನಿರಪರಾಧಿ ಎಂದು ತೀರ್ಪಾಯಿತು. ಅಷ್ಟರಲ್ಲಿ ವರ್ಷಾನುಗಟ್ಟಲೆ ಸೆರೆಮನೆ ಆಗಿಹೋಗಿತ್ತು. ಹೆಚ್ಚು ಡ್ಯೂಟಿ ಮಾಡುವವನ ಡ್ಯೂಟಿಯಲ್ಲಿ ಹೆಚ್ಚು ಸಾಮಾನು ಕೆಡುತ್ತದೆ. ರಾತ್ರಿ ಡ್ಯೂಟಿಯವನ ಕೈಯಲ್ಲಿ ಕರೆಂಟು ಹೆಚ್ಚು ಸಲ ಹೋಗುತ್ತದೆ. ಜಗಳವಾದ ಮೇಲೆ ಕೆಟ್ಟದ್ದನ್ನೆಲ್ಲ ಜಗಳಕ್ಕೆ ಜೋಡಿಸುತ್ತೇವೆ, ಜಗಳಕ್ಕೆ ಮೊದಲು ಕೆಟ್ಟದ್ದನ್ನು ಯಾರೂ ಎಣಿಸುವುದಿಲ್ಲ.

ಸಾಕ್ಷ್ಯ ಕಣ್ಣೆದುರಿಗೆ ಇದ್ದರೂ ಮೋಸವಿರಬಹುದೆಂದು ಪವಿತ್ರ ಗ್ರಂಥ ಓದುವವರಿಗೆ ಹೇಳಬೇಕಿಲ್ಲ. ಆದಿಕಾಂಡದಲ್ಲಿ ಬೆಳ್ಳಿಯ ಪಾನಪಾತ್ರೆ ಬೆನ್ಯಾಮಿನನ ಚೀಲದಲ್ಲೇ ಸಿಕ್ಕಿತು. ಅಲ್ಲಿಟ್ಟವರು ಯಾರು? ಯೋಸೇಫನ ಮನೆಯ ಕಾರುಭಾರಿಯೇ. ಅದೇ ಯೋಸೇಫನ ಬಟ್ಟೆ ಪೋಟೀಫರನ ಹೆಂಡತಿಯ ಕೈಯಲ್ಲಿತ್ತು, ಅದೊಂದು ಬಟ್ಟೆಯ ಮೇಲೆ ಅವನು ಸೆರೆಮನೆ ಸೇರಿದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರೂ ಹೇಳಿದ್ದಾರೆ. ಆದರೆ ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳನ ಗಾದೆಯನ್ನು ಮಾತ್ರ ನಾವು ಒಪ್ಪುವುದಿಲ್ಲ. ಹತ್ತು ಜನ ದುರುಗುಟ್ಟಿ ನೋಡಿದರೆ ಕಳ್ಳನಲ್ಲದವನೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಬಡವನು ಆಫೀಸಿನಲ್ಲಿ ನಡುಗುವುದು ಅಪರಾಧದಿಂದಲ್ಲ, ಅಭ್ಯಾಸದಿಂದ.

ಕಥೋಲಿಕ ಬೈಬಲಿನಲ್ಲಿ ದಾನಿಯೇಲನ ಗ್ರಂಥದ 13ನೆಯ ಅಧ್ಯಾಯದಲ್ಲಿ ಸುಸನ್ನಳ ಕತೆಯಿದೆ. ಸಿ.ಎಸ್.ಐ. ಸಭೆಯ ನಮ್ಮ ಬಂಧುಗಳ ಸತ್ಯವೇದದಲ್ಲಿ ಆ ಅಧ್ಯಾಯ ಇಲ್ಲದಿರುವುದರಿಂದ ಚಿಕ್ಕದಾಗಿ ಹೇಳುತ್ತೇವೆ. ಇಬ್ಬರು ಹಿರಿಯರು ಒಬ್ಬ ಸಾಧ್ವಿಯ ಮೇಲೆ ಸುಳ್ಳು ಅಪವಾದ ಹೊರಿಸಿದರು. ಊರೆಲ್ಲ ನಂಬಿತು, ಏಕೆಂದರೆ ಹೇಳಿದವರು ದೊಡ್ಡವರು. ದಾನಿಯೇಲನೆಂಬ ಹುಡುಗ ಎದ್ದು ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳಿದ. ಇಬ್ಬರೂ ಒಂದೊಂದು ಮರ ಹೇಳಿದರು. ಅಲ್ಲಿಗೆ ಮುಗಿಯಿತು. ಸಾಕ್ಷಿಗಳನ್ನು ಒಟ್ಟಿಗೆ ಕೂರಿಸಿ ಒಬ್ಬರ ಹೇಳಿಕೆಗೆ ಇನ್ನೊಬ್ಬರಿಂದ ತಲೆಯಾಡಿಸುವ ನಮ್ಮ ಆಫೀಸು ವಿಚಾರಣೆಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಇನ್ನೊಂದು ಮಾತು. ಸಂತ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯವನ್ನು ಹಿಡಿದು, ಸಂಶಯ ಬಂದವನ ಬಳಿಗೆ ಒಂಟಿಯಾಗಿ ಹೋಗಿ ಕೇಳಬೇಕಲ್ಲವೇ ಎಂದು ಒಬ್ಬ ತಂಗಿ ನಮ್ಮನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಯೇಸುಸ್ವಾಮಿ ಅಲ್ಲಿ ಹೇಳುವುದು ತಪ್ಪು ಮಾಡಿದ ಸಹೋದರನ ವಿಷಯ. ತಪ್ಪು ಮಾಡಿರಬಹುದೆಂದು ನಾವು ಎಣಿಸಿದ ಸಹೋದರನ ವಿಷಯವಲ್ಲ. ತಪ್ಪೇ ನಿಂತಿಲ್ಲದಿರುವಾಗ “ನೀನು ಕೆಡಿಸಿದೆಯಾ?” ಎಂದು ಒಂಟಿಯಾಗಿ ಹೋಗಿ ಕೇಳಿದರೆ, ನಿರಪರಾಧಿಯಾದರೆ ಅವನ ಎದೆ ಒಡೆಯುತ್ತದೆ, ಅಪರಾಧಿಯಾದರೆ ಎಚ್ಚರವಾಗುತ್ತಾನೆ. ಕಣ್ಣಾರೆ ಕಂಡಿದ್ದರೆ ಮಾತ್ರ ಆ ಅಧ್ಯಾಯ ಹಿಡಿಯಿರಿ. ಅಲ್ಲೂ ಕೂಡ, ರೋಗಿಯ ಪ್ರಾಣಕ್ಕೆ ಕುತ್ತಿದ್ದರೆ ಡಾಕ್ಟರಿಗೆ ಹೇಳುವುದನ್ನು ಒಂದು ಗಂಟೆಯೂ ತಡಮಾಡಬಾರದು.

ಹಾಗಾದರೆ ಸಂಶಯ ಬಂದ ಸಿಸ್ಟರು, ಆಯಾ, ಅಟೆಂಡರು ಮಾಡುವುದೇನು? ಅವರ ಕಷ್ಟ ನಮಗೆ ಗೊತ್ತು. ನಾಳೆ ಒಂದು ಜೀವ ಹೋದರೆ ತಮ್ಮ ತಲೆಗೇ ಬರುತ್ತದೆಂಬ ಭಯ, ಹೇಳಿದರೆ ಚಾಡಿಕೋರರೆಂಬ ಹೆಸರು. ಮೊದಲು ಆ ಸಾಮಾನನ್ನು ಬಳಕೆಯಿಂದ ತೆಗೆದು, ಕೆಟ್ಟಿದೆ ಎಂದು ಚೀಟಿ ಕಟ್ಟಿ, ಸಾಧ್ಯವಾದರೆ ಕಪಾಟಿನಲ್ಲಿಟ್ಟು ಬೀಗ ಹಾಕಿಸಿ. ಆಟೋಕ್ಲೇವ್ ಕೆಟ್ಟಿದ್ದರೆ ಅದರಲ್ಲಿ ಇಟ್ಟಿದ್ದ ಯಾವುದನ್ನೂ ಬಳಸಬೇಡಿ. 121 ಡಿಗ್ರಿಗೆ ಏರಿ 15 ಪೌಂಡು ಒತ್ತಡದಲ್ಲಿ ಕನಿಷ್ಠ ಕಾಲು ಗಂಟೆ ನಿಲ್ಲದ ಕತ್ತರಿ ಬರಿಯ ಬಿಸಿಯಾದ ಕತ್ತರಿ ಅಷ್ಟೇ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಗಂಟೆ, ಕಡೆಯ ಬಾರಿ ಸರಿಯಾಗಿ ನಡೆದದ್ದು ಯಾವಾಗ, ಕೆಟ್ಟದ್ದನ್ನು ಕಂಡದ್ದು ಯಾವಾಗ, ಏನು ಕಂಡಿತು, ಅಂದು ಕರೆಂಟು ಹೋಗಿತ್ತೇ ಎಂದಷ್ಟೇ ಬರೆಯಿರಿ. ಯಾರ ಮೇಲೆ ಅನುಮಾನ ಎಂದು ಬರೆಯಬೇಡಿ. ಕಂಡದ್ದು ಬೇರೆ, ಎಣಿಸಿದ್ದು ಬೇರೆ. ಡಾಕ್ಟರಿಗೂ ಆಫೀಸಿಗೂ ಬರೆದೇ ತಿಳಿಸಿ, ಒಂದು ಪ್ರತಿಯ ಮೇಲೆ ಮುಟ್ಟಿತೆಂದು ರುಜು ಹಾಕಿಸಿಕೊಳ್ಳಿ. ಜೊತೆಯವರ ಚೀಲ ತಡಕುವುದು, ಬಲೆ ಒಡ್ಡಿ ನೋಡುವುದು, ಕದ್ದು ಫೋಟೋ ತೆಗೆಯುವುದು, ಫೋನಿನ ಗುಂಪಿನಲ್ಲಿ ಹಾಕುವುದು, ಇವು ಯಾವುವೂ ನಿಮ್ಮ ಕೆಲಸವಲ್ಲ.

ಹೀಗೆ ಬರೆದುಕೊಟ್ಟವರನ್ನು ಚಾಡಿಕೋರರೆಂದು ಯೂನಿಯನ್ನಿನವರೇ ದೂರ ಇಡುವುದುಂಟು. ಅದು ಅನ್ಯಾಯ. ಸದಸ್ಯನನ್ನು ಕಾಯುವುದೆಂದರೆ ಸದಸ್ಯನ ಕೈಯಿಂದ ಕೆಟ್ಟದ್ದನ್ನು ಮುಚ್ಚುವುದು ಎಂದಾದರೆ, ಆ ಆಸ್ಪತ್ರೆಯ ಮಂಚದ ಮೇಲೆ ಮಲಗುವ ಸದಸ್ಯನನ್ನು ಯಾರು ಕಾಯುತ್ತಾರೆ? ಕೆಡಿಸಿದ್ದು ರುಜುವಾತಾದರೆ ಶಿಕ್ಷೆಯಾಗಲಿ ಎಂದು ನಾವು ಬಹಿರಂಗವಾಗಿ ಹೇಳುತ್ತೇವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 324ನೆಯ ಕಲಮಿನಂತೆ ಬೇಕೆಂದೇ ಸ್ವತ್ತು ಹಾಳುಮಾಡುವುದು ಕ್ರಿಮಿನಲ್ ಅಪರಾಧವೂ ಹೌದು.

ಆರೋಪ ಹೊತ್ತವನಿಗೂ ಎರಡು ಮಾತು. ಮೇಲೆ ಹೇಳಿದ ತೋಟದಲ್ಲಿ ಎರಡನೆಯ ದಿನವೇ ಆಫೀಸಿನ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ ಇರಬಹುದು, “ಒಂದು ಮಾಫಿ ಪತ್ರ ಬರೆದುಕೊಡು, ವಿಷಯ ಇಲ್ಲಿಗೇ ಮುಗಿಸೋಣ” ಎಂದರು. ಎಷ್ಟೋ ಬಡವರು ಹಾಗೆ ಬರೆದುಕೊಟ್ಟು ಮನೆಗೆ ಹೋಗಿದ್ದಾರೆ. ಮಾಫಿ ಪತ್ರ ಎಂದರೆ ತಪ್ಪೊಪ್ಪಿಗೆ. ಅದಾದ ಮೇಲೆ ವಿಚಾರಣೆಗೆ ಉಳಿಯುವುದು ಶಿಕ್ಷೆಯ ಅಳತೆ ಮಾತ್ರ. ಮಾಡದ ತಪ್ಪಿಗೆ ಮಾಫಿ ಕೇಳುವುದು ಕ್ರೈಸ್ತ ದೀನತೆ ಎಂದು ನಮ್ಮವರು ಕೆಲವರು ಬುದ್ಧಿ ಹೇಳುತ್ತಾರೆ. ಅದು ಸುಳ್ಳು ಸಾಕ್ಷಿ, ತನ್ನ ಮೇಲೆಯೇ ಹೇಳಿಕೊಂಡ ಸುಳ್ಳು ಸಾಕ್ಷಿ.

ಆರೋಪಪಟ್ಟಿ ಕೈಗೆ ಬಂದರೆ ಅದರಲ್ಲಿ “ಬೇಕೆಂದೇ” ಎಂಬ ಮಾತಿದೆಯೇ ನೋಡಿ. ಸ್ಥಾಯಿ ಆದೇಶಗಳಲ್ಲಿ ದುರ್ನಡತೆ ಎನ್ನಿಸಿಕೊಳ್ಳುವುದು ಬೇಕೆಂದೇ ಮಾಡಿದ ಹಾನಿ. ಗ್ಯಾಸ್ಕೆಟ್ಟು ಬಿರುಕು ಬಿಟ್ಟದ್ದಲ್ಲ, ಕೈ ತಪ್ಪಿ ಬಿದ್ದದ್ದೂ ಅಲ್ಲ. ವಿಚಾರಣೆಯಲ್ಲಿ ಮೊದಲು ಆಡಳಿತದವರು ತಮ್ಮ ಸಾಕ್ಷಿಗಳನ್ನು ನಿಮ್ಮೆದುರಿಗೇ ಹೇಳಿಸಬೇಕು, ಅವರನ್ನು ಪ್ರಶ್ನಿಸಲು ನಿಮಗೆ ಅವಕಾಶ ಇರಬೇಕು. ಬಂಗಾಳದ ಮೀನ್‌ಗ್ಲಾಸ್ ಚಹಾ ತೋಟದ ಕಾರ್ಮಿಕರ ಮೊಕದ್ದಮೆಯಲ್ಲಿ 1963ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ಅಲ್ಲಿ ದೂರುದಾರರಾಗಿದ್ದ ತೋಟದ ಅಧಿಕಾರಿಗಳೇ ವಿಚಾರಣೆ ನಡೆಸಿ, ಸಾಕ್ಷಿಯನ್ನೇ ಕರೆಯದೆ, ಕಾರ್ಮಿಕರನ್ನು ಮಾತ್ರ ಪ್ರಶ್ನೆ ಕೇಳಿ ಮುಗಿಸಿದ್ದರು. ಅಂಥ ವಿಚಾರಣೆ ವಿಚಾರಣೆಯೇ ಅಲ್ಲವೆಂದಾಯಿತು. ಅದೇ ವರ್ಷ ಎಚ್.ಸಿ. ಗೋಯಲ್ ಎಂಬ ಸರ್ಕಾರಿ ನೌಕರರ ಮೊಕದ್ದಮೆಯಲ್ಲಿ, ಇಲಾಖೆಯ ವಿಚಾರಣೆಯಲ್ಲಿ ಕೂಡ ಬರಿಯ ಸಂಶಯವು ರುಜುವಾತಿನ ಜಾಗಕ್ಕೆ ಬರಲಾರದೆಂದು ಆ ಕೋರ್ಟು ಸ್ಪಷ್ಟಪಡಿಸಿದೆ. ಸಸ್ಪೆನ್ಷನ್ ಕಾಲದಲ್ಲಿ ಮೊದಲ 90 ದಿನ ಅರ್ಧ ಸಂಬಳ, ಆಮೇಲೆ ವಿಳಂಬ ನಿಮ್ಮಿಂದಾದದ್ದಲ್ಲವಾದರೆ ಮುಕ್ಕಾಲು ಸಂಬಳ ಸಿಗಬೇಕು. ಇದು 1982ರ ತಿದ್ದುಪಡಿಯಿಂದ ಬಂದದ್ದು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ಆದರೆ ಆ ಸಂಹಿತೆಯ ಸ್ಥಾಯಿ ಆದೇಶಗಳ ಅಧ್ಯಾಯ 300 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆಗೆ ಮಾತ್ರ ಅನ್ವಯಿಸುತ್ತದೆ; ಸಣ್ಣ ತೋಟದವರು ತಮ್ಮ ಒಪ್ಪಂದಪತ್ರದಲ್ಲೇ ಇವನ್ನು ಬರೆಸಿಕೊಳ್ಳಬೇಕು.

ಕಡೆಯದಾಗಿ ನಮ್ಮ ಕನ್ನಡದವರ ವಿಶೇಷ ತೊಂದರೆ. 1946ರ ಕಾಯಿದೆ ಸ್ಥಾಯಿ ಆದೇಶಗಳನ್ನು ಇಂಗ್ಲಿಷಿನಲ್ಲೂ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಹಾಕಬೇಕೆಂದು ಹೇಳಿತ್ತು. ನಮ್ಮ ಗುಡ್ಡಗಳಲ್ಲಿ ಹೆಚ್ಚಿನವರ ಭಾಷೆ ಎಂದರೆ ಇತ್ತ ತಮಿಳು, ಅತ್ತ ಮಲಯಾಳ. ಮಾತನಾಡಲು ನಮಗೆಲ್ಲ ಎರಡೂ ಬರುತ್ತದೆ, ಓದಲು ಬಾರದು. ಆ ಅಟೆಂಡರಿನ ಹೇಳಿಕೆಯನ್ನು ತಮಿಳಿನಲ್ಲಿ ಬರೆದುಕೊಂಡು, “ಓದಿ ಹೇಳಿದ್ದೇವೆ, ರುಜು ಹಾಕು” ಎಂದಿದ್ದರು. ಅವನು ಹಾಕಲಿಲ್ಲ, ತಿಳಿಯದ ಅಕ್ಷರದ ಕೆಳಗೆ ರುಜು ಹಾಕುವುದಿಲ್ಲವೆಂದು ಕನ್ನಡದಲ್ಲೇ ಬರೆದು ಅದರ ಕೆಳಗೆ ರುಜು ಹಾಕಿದ. ಜಗಳಗಂಟನ ಮೊಂಡುತನ ಎಂದು ಆಫೀಸಿನವರು ಬೈದರು. ನಾವಾದರೋ ಆ ಕಾಗದವನ್ನು ನೋಡಿ ಸಂತೋಷಪಟ್ಟೆವು. ಈಗ ಆ ತೋಟದಲ್ಲಿ ಆರೋಪಪಟ್ಟಿ, ಹೇಳಿಕೆ, ವಿಚಾರಣೆಯ ನಡಾವಳಿ ಮೂರರದ್ದೂ ಕನ್ನಡ ಪ್ರತಿ ಬೇಕೆಂದೂ, ಆಸ್ಪತ್ರೆಯ ಇಂಡೆಂಟ್ ಪುಸ್ತಕವನ್ನು ತಿಂಗಳಿಗೊಮ್ಮೆ ಯೂನಿಯನ್ ಪ್ರತಿನಿಧಿಯ ಎದುರಿಗೆ ತೆರೆಯಬೇಕೆಂದೂ ಬರೆದುಕೊಟ್ಟಿದ್ದೇವೆ. ಎರಡನೆಯದಕ್ಕೆ ಒಪ್ಪಿದ್ದಾರೆ. ಮೊದಲನೆಯದಕ್ಕೆ ಉತ್ತರ ಬಂದಿಲ್ಲ. ಬೇರೆ ತೋಟಗಳಲ್ಲಿ ಇಂಥ ಪ್ರತಿ ಯಾರಿಗಾದರೂ ಸಿಕ್ಕಿದ್ದರೆ ಅದರ ನಕಲನ್ನು ದಯವಿಟ್ಟು ನಮಗೆ ಮುಟ್ಟಿಸಿ, ಆಫೀಸಿನ ಮೇಜಿನ ಮೇಲೆ ಇಡಲು ಬೇಕಾಗಿದೆ.